ಮಗುವಿನ ನೀರು, ಮೀನಿನ ನೀರು

ಅಡುಗೆಮನೆಯ ಸಿಂಕಿನ ಕೆಳಗೆ ನೀರು ಶುದ್ಧಮಾಡುವ ಯಂತ್ರವನ್ನು ಜೋಡಿಸಿದ ದಿನ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ನಾನೇ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವನು ತನ್ನ ಮನೆಯ ನೀರನ್ನೇ ಸರಿಪಡಿಸಿಕೊಳ್ಳದಿದ್ದರೆ ಹೇಗೆ? ಕೆಟಲಿನ ತಳದ ಬಿಳಿ ಹೆಕ್ಕಳೆ ಇನ್ನಿಲ್ಲ, ಕಾಫಿಯ ರುಚಿಯೂ ಸುಧಾರಿಸಿತು. ಅದೇ ಉತ್ಸಾಹದಲ್ಲಿ ಮಗಳ ಮೀನಿನ ತೊಟ್ಟಿಯ ಹಳೆಯ ನೀರನ್ನೆಲ್ಲ ಚೆಲ್ಲಿ, ತೊಟ್ಟಿಯ ತುಂಬ ಈ ಶುದ್ಧ ನೀರನ್ನೇ ಸುರಿದೆ. ಮೂರನೆಯ ದಿನ ಬೆಳಿಗ್ಗೆ ಎರಡು ಚಿನ್ನದ ಮೀನುಗಳೂ ಮೇಲೆ ತೇಲುತ್ತಿದ್ದವು. ಮಗಳು ಅತ್ತಳು. ಸ್ವಲ್ಪ ಹೊತ್ತಿನ ನಂತರ ಕಣ್ಣೊರೆಸಿಕೊಂಡು, "ಅಪ್ಪಾ, ನಾವು ಕುಡಿಯೋ ನೀರನ್ನೇ ತಾನೆ ಹಾಕಿದ್ದು? ಹಾಗಾದ್ರೆ ನಮಗೂ ಏನಾದ್ರೂ ಆಗುತ್ತಾ?" ಎಂದು ಕೇಳಿದಳು.

ಕೂಡಲೇ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ಸಿಕ್ಕಿದ ಕಥೆಯನ್ನು ನಮ್ಮ ಸಂಘದ ಕುಟುಂಬಗಳ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಈ ಯಂತ್ರವಿದೆ, ಕೆಲವರ ಮನೆಯಲ್ಲಿ ಮೀನೂ ಇದೆ.

ಕಥೆ ನಮ್ಮ ನಿಜ್ವಾದಿಂದಲೇ ಆರಂಭವಾಗಲಿ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ನಾವು ಹೋಗುವ ಫಲಜ್ ದಾರಿಸ್ ಉದ್ಯಾನದಲ್ಲಿ ಕಾಲುವೆಗೆ ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಕಚಗುಳಿ ಇಡುತ್ತವೆಯಲ್ಲ, ಆ ನೀರು ಬೆಟ್ಟದ ಬುಡದಲ್ಲಿ ನೆಲದೊಳಗೆ ಸಂಗ್ರಹವಾಗಿ, ಸುರಂಗದಲ್ಲಿ ಹರಿದು, ಯಾವ ಪಂಪಿನ ಸಹಾಯವೂ ಇಲ್ಲದೆ ಇಳಿಜಾರಿನಿಂದಲೇ ಊರಿಗೆ ಬರುವ ನೀರು. ಫಲಜ್ ಎಂಬುದರ ಬಹುವಚನ ಅಫ್ಲಾಜ್. ಒಮಾನಿನಲ್ಲಿ ಇಂಥವು ಸುಮಾರು 3000 ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದಾರಿಸ್ ಆ ಐದರಲ್ಲಿ ಒಂದು.

ಈ ನೀರನ್ನು ಹಂಚುವ ಕ್ರಮವೇ ಒಂದು ಶಾಸ್ತ್ರ. ನೀರಿನ ಪಾಲನ್ನು ಅಳೆಯುವುದು ಕಾಲದಿಂದ. ಒಂದು 'ಅಥರ್' ಎಂದರೆ ಸುಮಾರು ಅರ್ಧ ಗಂಟೆಯ ಹರಿವು. ಹಗಲು ಕೋಲಿನ ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಸರದಿ ಬದಲಾಯಿಸುತ್ತಿದ್ದರು. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ಕ್ರಮ. ಕಾಲುವೆ ಬಯಲಿಗೆ ಬರುವ ಮೊದಲ ಜಾಗ ಕುಡಿಯುವ ನೀರಿಗೆ ಮೀಸಲು. ಮಸೀದಿ, ಸ್ನಾನದ ಕೋಣೆಗಳು ಅದರ ಕೆಳಗೆ. ಖರ್ಜೂರದ ತೋಟ ಕೊನೆಯಲ್ಲಿ. ಅಂದರೆ ಒಂದೇ ನೀರು, ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಜಾಗ. ಯಂತ್ರವಿಲ್ಲದ ಕಾಲದಲ್ಲಿ ಶುದ್ಧಿಯನ್ನು ಕಾಪಾಡಿದ್ದು ಈ ಮೇಲು-ಕೆಳಗಿನ ವಿವೇಕ.

ಇದು ನಮಗೆ ಹೊಸದೇನಲ್ಲ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ 'ಕರೇಜ್' ಇದೆ. ನೆಲದಡಿಯ ಕಾಲುವೆ, ಅದರುದ್ದಕ್ಕೂ ಗಾಳಿ-ಬೆಳಕಿಗೆಂದು ತೋಡಿದ ಬಾವಿಗಳ ಸಾಲು: ಫಲಜಿನ ಒಡಹುಟ್ಟೇ ಸರಿ. ಪರ್ಷಿಯಾದ ಗೀಲಾನಿನಿಂದ ಬಂದು ಬೀದರಿನಲ್ಲಿ ಮಂತ್ರಿಯಾದ ಮಹಮೂದ್ ಗವಾನನ ನೆನಪಿದ್ದವರಿಗೆ ಆ ವಿದ್ಯೆ ಯಾವ ದಿಕ್ಕಿನಿಂದ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡು, ಬಂಟ್ವಾಳಗಳ ಕಡೆಯವರಿಗೆ ಸುರಂಗವೆಂದರೆ ಮನೆಯ ಹಿಂದಿನ ಗುಡ್ಡದ ನೆನಪು. ಅಲ್ಲಿ ಬಾವಿಗಳ ಸಾಲು ಬೇಕಿಲ್ಲ; ಮುರಕಲ್ಲಿನ ಗುಡ್ಡವನ್ನು ಒಬ್ಬ ಮನುಷ್ಯ ನುಸುಳುವಷ್ಟು ಅಡ್ಡಡ್ಡವಾಗಿ ಕೊರೆದರೆ ನೀರು ತಾನಾಗಿ ಒಸರುತ್ತದೆ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಹಲವು ಸಲ ನೀರು ಸಿಗದಿದ್ದರೂ ಬಿಡದೆ, ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನು ಮೀನಿನ ವಿಷಯ. ಕಾಲುವೆಯಲ್ಲಿ ಮೀನು ಓಡಾಡುತ್ತಿದ್ದರೆ ನೀರು ಒಳ್ಳೆಯದು ಎಂಬ ನಂಬಿಕೆ ಇಲ್ಲಿಯೂ ಇದೆ, ನಮ್ಮ ಊರಿನ ಬಾವಿಗಳಲ್ಲೂ ಇತ್ತು. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯಲು ಲಂಡನ್ನಿಗೆ ಹೋಗಬೇಕು.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬ ರಾಬರ್ಟ್ ವಾರಿಂಗ್ಟನ್, ನನ್ನಂತೆಯೇ ರಸಾಯನಶಾಸ್ತ್ರಜ್ಞ. ಎರಡು ಚಿನ್ನದ ಮೀನು ಮತ್ತು ಒಂದು ಜಲಸಸ್ಯವನ್ನು ತೊಟ್ಟಿಯಲ್ಲಿಟ್ಟ. ಕೊಳೆತ ಎಲೆಗಳಿಂದ ನೀರು ಲೋಳೆಯಾಗತೊಡಗಿತು. ಬಸವನಹುಳುಗಳನ್ನು ಬಿಟ್ಟ ಮೇಲೆ ಅವು ಕೊಳೆಯನ್ನು ತಿಂದು ನೀರು ತಿಳಿಯಾಯಿತು. ಮೀನು, ಗಿಡ, ಹುಳು ಈ ಮೂರರ ಸಮತೋಲನವನ್ನು ಅವನು 1850ರಲ್ಲಿ ಪ್ರಕಟಿಸಿದ. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್‌ನ ಪುಸ್ತಕ ಬಂದು 'ಅಕ್ವೇರಿಯಂ' ಎಂಬ ಮಾತು ಮನೆಮಾತಾಯಿತು.

ಅದೇ 1854ರಲ್ಲಿ ಅದೇ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿತು. ಅಲ್ಲಿಯ ಕೈಪಂಪಿನ ನೀರು ರುಚಿಗೆ ಹೆಸರಾದದ್ದು. ಆ ರುಚಿಗೆ ಸೋತು ದೂರದ ಹ್ಯಾಂಪ್‌ಸ್ಟೆಡ್‌ಗೆ ಅದನ್ನು ತರಿಸಿಕೊಂಡು ಕುಡಿದ ವಿಧವೆಯೊಬ್ಬಳೂ ಸತ್ತಳು. ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ತಪ್ಪು ಪಂಪಿನದೆಂದು ತೋರಿಸಿ, ಅದರ ಹಿಡಿಯನ್ನು ತೆಗೆಸಿದ. ಮುಂದೆ 1884ರಲ್ಲಿ ರಾಬರ್ಟ್ ಕಾಕ್ ಕಲ್ಕತ್ತಾದಲ್ಲಿ, ಜನ ನೀರು ಕುಡಿಯುತ್ತಿದ್ದ ಕೆರೆಯಲ್ಲೇ ಕಾಲರಾದ ಸೂಕ್ಷ್ಮಜೀವಿಯನ್ನು ಕಂಡ. ಮನುಷ್ಯನನ್ನು ಕೊಲ್ಲುವ ಆ ಜೀವಿ ಇರುವ ನೀರಿನಲ್ಲಿ ಮೀನು ಸುಖವಾಗಿರಬಲ್ಲದು. ಮೀನು ಬದುಕಿದ್ದರೆ ನೀರಿನಲ್ಲಿ ಉಸಿರಿಗೆ ಆಮ್ಲಜನಕವಿದೆ, ಘೋರ ವಿಷವಿಲ್ಲ ಎಂದಷ್ಟೇ ಅರ್ಥ, ರೋಗವಿಲ್ಲ ಎಂದಲ್ಲ. ತಿಳಿನೀರೆಲ್ಲ ಶುದ್ಧನೀರಲ್ಲ.

ಮದ್ದು ಬಂದದ್ದು ಕ್ಲೋರಿನ್ ರೂಪದಲ್ಲಿ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನಲ್ಲಿ ವಿಷಮಶೀತಜ್ವರ ಹಬ್ಬಿದಾಗ ನೀರಿನ ಕೊಳವೆಗಳಿಗೆ ಚಲುವೆಪುಡಿ ಹಾಕಿದರು. 1908ರಲ್ಲಿ ಅಮೆರಿಕದ ಜೆರ್ಸಿ ನಗರ ದಿನವೂ ಕ್ಲೋರಿನ್ ಬೆರೆಸತೊಡಗಿತು. ಲಕ್ಷಾಂತರ ಮಕ್ಕಳ ಜೀವ ಉಳಿಸಿದ ಮದ್ದಿದು. ಆದರೆ ಇದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಮಗುವನ್ನು ಉಳಿಸುವುದು ಮೀನನ್ನು ಕೊಲ್ಲುತ್ತದೆ, ಮೀನು ಸಹಿಸುವುದು ಮಗುವನ್ನು ಕೊಲ್ಲಬಹುದು. ನನ್ನ ಮಗಳ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ.

ಹಾಗಾದರೆ ನಮ್ಮ ಮೀನುಗಳು ಸತ್ತದ್ದು ಕ್ಲೋರಿನ್ನಿನಿಂದಲೇ? ಅಲ್ಲ, ಯಂತ್ರದ ಇದ್ದಿಲು ಅದನ್ನು ತೆಗೆದಿತ್ತು. ಅವು ಸತ್ತದ್ದು ನೀರು ಅತಿಯಾಗಿ ಶುದ್ಧವಾದದ್ದರಿಂದ! 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಹಂದಿಯ ಮೂತ್ರಕೋಶದ ಪೊರೆಯ ಮೂಲಕ ನೀರು ತಾನಾಗಿ ದಾಟುವುದನ್ನು ಕಂಡ. ನಾವು ಶಾಲೆಯಲ್ಲಿ ಒಣದ್ರಾಕ್ಷಿ ನೆನೆಸಿ ಊದಿಸಿ ನೋಡಿದ್ದು ಇದನ್ನೇ. ಲವಣ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಪೊರೆ ದಾಟಿ ಹೋಗುತ್ತದೆ. ಈ ಒತ್ತಡದ ನಿಯಮಗಳಿಗೂ ಸೇರಿಯೇ ವಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಸಿಕ್ಕಿತು. ಒತ್ತಡ ಹಾಕಿ ಇದನ್ನೇ ತಿರುಗುಮುರುಗು ಮಾಡಿದರೆ ಉಪ್ಪು ಹಿಂದೆ ಉಳಿದು ಸಿಹಿನೀರು ಈಚೆ ಬರುತ್ತದೆ. ಅದಕ್ಕೆ ಕೆಲಸಕ್ಕೆ ಬರುವಂಥ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ತಯಾರಿಸಿದವರು ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಅಲ್ಲಿಯ ಕೊಲಿಂಗಾ ಊರು ಈ ನೀರನ್ನು ಕುಡಿಯಿತು. ಒಮಾನಿನಲ್ಲಿ 1976ರಲ್ಲಿ ಮಸ್ಕತ್ತಿನ ಗುಬ್ರಾದಲ್ಲಿ ಸಮುದ್ರದ ನೀರನ್ನು ಕಾಯಿಸಿ ಆವಿ ಮಾಡುವ ಸ್ಥಾವರ ಬಂತು. ಸೂರ್, ಬರ್ಕಾಗಳಲ್ಲಿ ಮುಂದೆ ಬಂದವು ಪೊರೆಯವು. ಅದರ ಮರಿಯೇ ನಮ್ಮ ಸಿಂಕಿನ ಕೆಳಗಿರುವುದು.

ಮೀನಿನ ರಕ್ತದಲ್ಲಿ ಲವಣ ಸಿಹಿನೀರಿಗಿಂತ ಹೆಚ್ಚು. ಆದ್ದರಿಂದ ಕಿವಿರಿನ ಮೂಲಕ ನೀರು ಸದಾ ಒಳನುಗ್ಗುತ್ತದೆ. ಮೀನು ಅದನ್ನು ಹೊರಹಾಕುತ್ತ, ಕಳೆದುಕೊಂಡ ಲವಣವನ್ನು ಸುತ್ತಲಿನ ನೀರಿನಿಂದಲೇ ಹೀರಿಕೊಂಡು ಬದುಕುತ್ತದೆ. ನಾನು ಸುರಿದ ನೀರಿನಲ್ಲಿ ಹೀರಲು ಏನೂ ಇರಲಿಲ್ಲ. ಸುಣ್ಣದ ಅಂಶವಿಲ್ಲದ ನೀರು ಬೇಗ ಹುಳಿಯಾಗುತ್ತದೆ ಬೇರೆ. ಮನುಷ್ಯ ಹಾಗಲ್ಲ. ನಮ್ಮ ಲವಣಗಳು ಬಹುಪಾಲು ಊಟದಿಂದ ಬರುತ್ತವೆ. ನಾವು ನೀರನ್ನು ಕುಡಿಯುತ್ತೇವೆ, ಅದರೊಳಗೆ ವಾಸಿಸುವುದಿಲ್ಲ. ಆದ್ದರಿಂದ, ಮಗಳೇ, ನಿನಗೆ ಏನೂ ಆಗುವುದಿಲ್ಲ.

ಈಗ ಮನೆಯ ಏರ್ಪಾಡು. ಕುಡಿಯುವ ನೀರಿಗೆ ಮೊದಲು ಮರಳು-ಮಣ್ಣು ತಡೆಯುವ ಸೋಸುಕ, ಆಮೇಲೆ ಇದ್ದಿಲು, ಆಮೇಲೆ ಪೊರೆ. ಈ ಕ್ರಮ ತಪ್ಪಬಾರದು: ಇಂದಿನ ಪೊರೆಯನ್ನು ಕ್ಲೋರಿನ್ ಹಾಳುಮಾಡುತ್ತದೆ, ಅದನ್ನು ಕಾಯುವುದು ಇದ್ದಿಲು. ಸವೆದ ಇದ್ದಿಲನ್ನು ಬದಲಿಸದೆ ಬಿಟ್ಟರೆ ಪೊರೆಯೂ ಹೋಗುತ್ತದೆ. ಕ್ಲೋರಿನ್ ತೆಗೆದ ನೀರಿಗೆ ಕಾವಲಿಲ್ಲ. ಆದ್ದರಿಂದ ಶೇಖರಣೆಯ ಡಬ್ಬಿಯನ್ನು ಆಗಾಗ ತೊಳೆಯಬೇಕು, ಮಹಡಿಯ ಮೇಲಿನ ಟ್ಯಾಂಕನ್ನೂ ಮರೆಯಬಾರದು. ಲವಣ ಅಳೆಯುವ ಪುಟ್ಟ ಮೀಟರು ಸೂಕ್ಷ್ಮಜೀವಿಯನ್ನು ತೋರಿಸುವುದಿಲ್ಲ ಎಂಬುದೂ ನೆನಪಿರಲಿ.

ಮೀನಿಗೆ ಇದ್ದಿಲು ದಾಟಿ ಪೊರೆಗೆ ಹೋಗುವ ಮುಂಚಿನ ನೀರು ಸಾಕು. ಅಲ್ಲಿ ಒಂದು ಕವಲು ನಲ್ಲಿ ಹಾಕಿಸಿ. ಮೆದುನೀರಿನ ಮೀನಾದರೆ ಪೊರೆಯ ನೀರನ್ನು ಇದರೊಂದಿಗೆ ಸ್ವಲ್ಪಸ್ವಲ್ಪವಾಗಿ ಬೆರೆಸಿ. ಒಂದು ಸಲಕ್ಕೆ ತೊಟ್ಟಿಯ ಕಾಲುಭಾಗಕ್ಕಿಂತ ಹೆಚ್ಚು ಬದಲಿಸಬೇಡಿ. ತೊಟ್ಟಿಯ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಬೇಡಿ. ಅದರಲ್ಲಿ ಮೀನಿನ ಹೊಲಸಿನ ಅಮೋನಿಯಾವನ್ನು ತಿನ್ನುವ ಸೂಕ್ಷ್ಮಜೀವಿಗಳಿವೆ. ತೊಟ್ಟಿಯ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು. ನಮ್ಮ ಸೋಸುಕದಲ್ಲಿ ಜೀವ ಇರಕೂಡದು, ಮೀನಿನ ಸೋಸುಕದಲ್ಲಿ ಜೀವ ಇರಲೇಬೇಕು.

ಕೊನೆಯದೊಂದು ಮಾತು. ಮನೆಯ ಯಂತ್ರ ಒಂದು ಲೀಟರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಚರಂಡಿಗೆ ಬಿಡುತ್ತದೆ. ಅರ್ಧ ಗಂಟೆಯ ಹರಿವಿಗೂ ಲೆಕ್ಕವಿಟ್ಟ ಊರಿನಲ್ಲಿ ಕುಳಿತು ಇದನ್ನು ನೋಡುವಾಗ ನಾಚಿಕೆಯಾಗುತ್ತದೆ. ನಾವೀಗ ಆ ಕೊಳವೆಯನ್ನು ಬಕೆಟ್ಟಿಗೆ ತಿರುಗಿಸಿದ್ದೇವೆ. ನೆಲ ಒರೆಸಲು, ಶೌಚಕ್ಕೆ ಅದೇ ನೀರು. ಉಳಿದದ್ದು ಅಂಗಳದ ಖರ್ಜೂರದ ಬುಡಕ್ಕೆ, ಆ ಮರ ಉಪ್ಪನ್ನು ತಕ್ಕಮಟ್ಟಿಗೆ ತಾಳುತ್ತದೆ. ಕುಡಿಯಲು ಮೊದಲು, ತೊಳೆಯಲು ಆಮೇಲೆ, ತೋಟಕ್ಕೆ ಕೊನೆಗೆ: ಸಿಂಕಿನ ಕೆಳಗೂ ಫಲಜಿನ ಕ್ರಮವೇ.

ಮಗಳ ತೊಟ್ಟಿಯಲ್ಲಿ ಈಗ ಗಪ್ಪಿ ಮೀನುಗಳಿವೆ. ಅವು ಗಡಸುನೀರಿಗೆ ಹೊಂದಿಕೊಳ್ಳುವ ಜಾತಿ. ಮೀನಿಗೆ ತಕ್ಕ ನೀರು ಮಾಡಲು ಹೋಗಿ ಸೋತ ಮೇಲೆ, ನೀರಿಗೆ ತಕ್ಕ ಮೀನನ್ನು ತಂದಿದ್ದೇವೆ. ಕಳೆದ ವಾರ ಅವು ಮರಿ ಹಾಕಿವೆ. ಸಂಘದ ಮಕ್ಕಳಲ್ಲಿ ಯಾರಿಗಾದರೂ ಬೇಕಿದ್ದರೆ, ಮುಚ್ಚಳವಿರುವ ಒಂದು ಬಾಟಲಿ ಹಿಡಿದುಕೊಂಡು ಬನ್ನಿ.