ವಿಚಾರಣೆ ಇಲ್ಲದ ಗಡೀಪಾರು

ಚುನಾವಣೆ ಹತ್ತಿರ ಬಂದಾಗ, ಇಲ್ಲವೇ ಊರಲ್ಲಿ ಗಲಭೆಯ ಸುಳಿವು ಸಿಕ್ಕಾಗ ಕುಮಟಾ, ಹೊನ್ನಾವರ, ಭಟ್ಕಳದ ಜನರ ಕಿವಿಗೆ ಎರಡು ಮಾತುಗಳು ಬೀಳುತ್ತವೆ. ಒಂದು ನಿಷೇಧಾಜ್ಞೆ, ಇನ್ನೊಂದು ಗಡೀಪಾರು. ಮೊದಲನೆಯದು ಇಡೀ ಊರಿಗೆ. ಕೆಲವು ದಿನಗಳಲ್ಲಿ ಅದು ತೆರವಾಗುತ್ತದೆ, ಪೇಟೆ ತೆರೆಯುತ್ತದೆ, ಜನ ಮರೆಯುತ್ತಾರೆ. ಎರಡನೆಯದು ಒಬ್ಬನಿಗೆ ಮಾತ್ರ. ಅವನು ಮನೆ, ಗದ್ದೆ, ದೋಣಿ ಎಲ್ಲವನ್ನೂ ಬಿಟ್ಟು ತಿಂಗಳುಗಟ್ಟಲೆ ಪರಸ್ಥಳದಲ್ಲಿರಬೇಕು. ಅವನ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿರಲೇಬೇಕು ಎಂದೇನೂ ಇಲ್ಲ. ಸಾರ್ವಜನಿಕ ಸುರಕ್ಷತೆಯ ಹೆಸರಿನ ಈ ಅಧಿಕಾರ ಈ ಕರಾವಳಿಗೆ ಹೊಸದಲ್ಲ.

ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಭಟ್ಕಳ ಆಗ ಹೊನ್ನಾವರ ತಾಲೂಕಿಗೆ ಸೇರಿದ ಒಂದು ಪೇಟಾ. (ಇಂದು ಹೊನ್ನಾವರವೇ ಭಟ್ಕಳ ಉಪವಿಭಾಗದಲ್ಲಿದೆ, ಕಾಲದ ತಮಾಷೆ.) ಕಾನೂನುಗಳು ಬರುತ್ತಿದ್ದುದೂ ಮುಂಬಯಿಯಿಂದಲೇ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದವರಿಗೆ ಸರಕಾರದ ಕ್ರೌರ್ಯ ಕಾದಿತ್ತು, ನಿಜ. ಆದರೂ ಕಟಕಟೆಯಲ್ಲಿ ನಿಂತ ಸತ್ಯಾಗ್ರಹಿಗೆ ತಾನು ಯಾವ ಕಾಯಿದೆ ಮುರಿದೆ, ಶಿಕ್ಷೆ ಎಷ್ಟು ದಿನ ಎಂಬುದಾದರೂ ಗೊತ್ತಿರುತ್ತಿತ್ತು. ಅಷ್ಟೇ ಅಲ್ಲ, ಆ ಕಟಕಟೆಯಿಂದಲೇ ಅವನು ಊರಿಗೆ ಕೇಳುವಂತೆ ಮಾತನಾಡಬಹುದಿತ್ತು. ಗಡೀಪಾರು ಆ ಕಟಕಟೆಯನ್ನೇ ಇಲ್ಲವಾಗಿಸುತ್ತದೆ.

ದಿನಕರ ದೇಸಾಯಿಯವರ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಚುಟುಕಗಳ ಕವಿಯೆಂದು ನಾಡು ನೆನೆಯುವ ದೇಸಾಯಿ ಅಂಕೋಲೆ ತಾಲೂಕಿನ ಅಲಗೇರಿಯವರು, ಭಾರತ ಸೇವಕ ಸಮಾಜದ ಕಾರ್ಯಕರ್ತರು. ಮೂವತ್ತರ ದಶಕದ ಕೊನೆಯಲ್ಲಿ ಅವರು ಕರಾವಳಿಯ ಗೇಣಿ ಒಕ್ಕಲುಗಳನ್ನು ಸಂಘಟಿಸತೊಡಗಿದರು. ಯಾವಾಗ ಬೇಕಾದರೂ ಭೂಮಿ ಬಿಡಿಸಿಕೊಳ್ಳಬಹುದಾಗಿದ್ದ ಚಾಲಗೇಣಿಯ ಕಾಲವದು. ಗೇಣಿ ಕೊಟ್ಟು ಉಳಿದದ್ದರಲ್ಲಿ ವರ್ಷ ಕಳೆಯಬೇಕಾದ ಒಕ್ಕಲು ಧಣಿಯ ಎದುರು ನಿಂತು ಮಾತನಾಡಲು ಕಲಿತದ್ದೇ ದೊಡ್ಡ ಸಂಗತಿ. ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ, 1940ರಲ್ಲಿ, ಸರಕಾರ ದೇಸಾಯಿಯವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿತು. ರೈತರಿಂದ ಅವರ ಮುಖಂಡನನ್ನು ಬೇರ್ಪಡಿಸಲು ಜೈಲಿನ ಗೋಡೆಯೇ ಬೇಕೆಂದಿರಲಿಲ್ಲ, ಜಿಲ್ಲೆಯ ಗಡಿಯೇ ಸಾಕಾಯಿತು. ಹಾಗೆ ಹೊರಹಾಕಿಸಿಕೊಂಡವರನ್ನು ಅದೇ ಜಿಲ್ಲೆಯ ಮತದಾರರು 1967ರಲ್ಲಿ ಲೋಕಸಭೆಗೆ ಕಳುಹಿಸಿದರು. ಆದರೆ ಕಳೆದುಹೋದ ವರ್ಷಗಳ ಲೆಕ್ಕವನ್ನು ಚುನಾವಣೆ ತುಂಬಿಕೊಡುವುದಿಲ್ಲ.

ಯುದ್ಧಕಾಲದ ಅಧಿಕಾರಕ್ಕೆ ಅಂಕುಶವೇ ಇರಲಿಲ್ಲವೆಂದಲ್ಲ. ಮುಂಬಯಿ ಸರಕಾರ ಬಂಧನದಲ್ಲಿಟ್ಟಿದ್ದ ಕೇಶವ ತಳಪಾಡೆ ಎಂಬವರ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯ 1943ರ ಏಪ್ರಿಲ್‌ನಲ್ಲಿ ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮವನ್ನೇ ಅಸಿಂಧುವೆಂದಿತು. ಸಮಂಜಸವಾದ ಶಂಕೆ ಇರಬೇಕೆಂದು ಕಾಯಿದೆ ಹೇಳಿದ್ದರೆ, ಸರಕಾರಕ್ಕೆ ಮನವರಿಕೆಯಾದರೆ ಸಾಕೆಂದು ನಿಯಮ ಹೇಳಿತ್ತು. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ಆದರೆ ಮನುಷ್ಯನ ಬಿಡುಗಡೆ ನಿಂತಿದ್ದುದು ಅದರ ಮೇಲೆಯೇ. ಕೆಲವೇ ದಿನಗಳಲ್ಲಿ ವೈಸರಾಯರ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಹಿಂದಿನ ದಿನಾಂಕದಿಂದಲೇ ಆ ತೂತನ್ನು ಮುಚ್ಚಿಬಿಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ ಇದೆಲ್ಲ ಹೋಗಬಹುದೆಂದು ಎಣಿಸಿದವರಿಗೆ ನಿರಾಸೆ ಕಾದಿತ್ತು. ದೇಶದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿತು. ಮುನ್ನೆಚ್ಚರಿಕೆಯ ಬಂಧನಕ್ಕೆ 22ನೆಯ ಅನುಚ್ಛೇದ ದಾರಿ ಬಿಟ್ಟಿತು. ಒಂದು ವರ್ಷದ ಮಟ್ಟಿಗೆಂದು 1950ರಲ್ಲಿ ತಂದ ಮುನ್ನೆಚ್ಚರಿಕೆ ಬಂಧನ ಕಾಯಿದೆ 1969ರವರೆಗೂ ಉಳಿಯಿತು. ಗಡೀಪಾರಿಗೆ 1951ರ ಮುಂಬಯಿ ಪೊಲೀಸ್ ಕಾಯಿದೆ ಹೊಸ ರೂಪ ಕೊಟ್ಟಿತು. ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೈಸೂರಿಗೆ ಬಂತು. 1963ರ ಪೊಲೀಸ್ ಕಾಯಿದೆಯಲ್ಲಿ ಮುಂಬಯಿಯ ಅದೇ ಮಾದರಿ ಕಾಣಿಸಿಕೊಂಡಿತು. ಅದರ 55ನೆಯ ಕಲಮಿನ ಒಂದು ಮಾತು ಮುಖ್ಯವಾದುದು: ಸಾಕ್ಷಿಗಳು ತಮ್ಮ ಜೀವ ಅಥವಾ ಆಸ್ತಿಯ ಭಯದಿಂದ ಬಹಿರಂಗವಾಗಿ ಸಾಕ್ಷ್ಯ ಹೇಳಲು ಮುಂದೆ ಬರುತ್ತಿಲ್ಲವೆಂದು ಅಧಿಕಾರಿಗೆ ಅನ್ನಿಸಬೇಕು. ಪುಂಡರಿಗೆ ಹೆದರುವ ಊರಿನಲ್ಲಿ ಇದು ನ್ಯಾಯವಾದ ಮಾತೇ. ಆದರೆ ಅದೇ ಕಾರಣಕ್ಕೆ ಆರೋಪಕ್ಕೊಳಗಾದವನಿಗೆ ದೂರಿನ ಸ್ಥೂಲ ಸ್ವರೂಪವಷ್ಟೇ ತಿಳಿಯುತ್ತದೆ. ಹೇಳಿದವರು ಯಾರೆಂದು ತಿಳಿಯದು. ಅಷ್ಟು ತಿಳಿಸಿದರೆ ಸಾಕೆಂದು 1972ರಲ್ಲಿ ಮುಂಬಯಿ ಕಾಯಿದೆಯ ಕುರಿತಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು.

ಸರಕಾರದ ಪಕ್ಷದಲ್ಲಿಯೂ ಬಲವಾದ ವಾದವಿದೆ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಳ ಕಾಲ ನಡೆದ ಗಲಭೆಯಲ್ಲಿ ಜೀವಗಳು ಹೋದವು. ವಿಚಾರಣೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಯುವಕನೊಬ್ಬನ ಶವ ಸಿಕ್ಕಾಗ ಅದು ಕೊಲೆಯೆಂಬ ಸುದ್ದಿ ಹರಡಿತು, ಕುಮಟಾದಲ್ಲಿ ಹಿರಿಯ ಪೊಲೀಸ್ ಅಧಿಕಾರಿಯ ವಾಹನವೇ ಸುಟ್ಟುಹೋಯಿತು. ಮುಳುಗಿ ಸಂಭವಿಸಿದ ಆಕಸ್ಮಿಕ ಸಾವೆಂದು ಸಿಬಿಐ ವರದಿ ಸಲ್ಲಿಸಿದ್ದು 2022ರಲ್ಲಿ. ಸತ್ಯಕ್ಕೆ ಸುಮಾರು ಐದು ವರ್ಷ ಬೇಕಾಯಿತು, ಬೆಂಕಿಗೆ ಮೂರು ದಿನ ಸಾಕಾಯಿತು. ಅಂಥ ಹೊತ್ತಿನಲ್ಲಿ ಗುಂಪು ಸೇರದಂತೆ ತಡೆಯುವ ಅಧಿಕಾರ ಬೇಡವೆನ್ನಲು ಯಾವ ಅಂಗಡಿಕಾರನೂ ಒಪ್ಪಲಾರ. ಆದರೆ ಇಂದು ಸಂಜೆ ಗುಂಪನ್ನು ಚದುರಿಸುವುದು ಬೇರೆ, ಬೆಂಕಿ ಆರಿದ ಮೇಲೆ ಒಬ್ಬ ವ್ಯಕ್ತಿಯನ್ನು ತಿಂಗಳುಗಟ್ಟಲೆ ಊರು ಬಿಡಿಸುವುದು ಬೇರೆ. ಮೊದಲನೆಯದಕ್ಕೆ ಅವಸರವೇ ಸಮರ್ಥನೆ. ಎರಡನೆಯದರಲ್ಲಿ ಅವಸರವೆಂಬುದು ಎಲ್ಲಿದೆ? ಅಲ್ಲಿ ಪುರಾವೆ ಕೇಳಲು ವ್ಯವಧಾನ ಬೇಕಾದಷ್ಟಿದೆ.

ನಿಷೇಧಾಜ್ಞೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ಕಾಶ್ಮೀರದ ಪ್ರಕರಣವೊಂದರ ತೀರ್ಪು ನೀಡುತ್ತ, ಆಜ್ಞೆಯನ್ನು ಪ್ರಕಟಿಸಬೇಕು, ಕಾರಣ ಹೇಳಬೇಕು, ಮತ್ತೆ ಮತ್ತೆ ಹೊರಡಿಸುತ್ತ ಹೋಗಬಾರದು ಎಂದಿತು. 2024ರ ಜುಲೈ 1ರಿಂದ ಜನರ ಬಾಯಲ್ಲಿದ್ದ 144ನೆಯ ಕಲಮು ಹೊಸ ಸಂಹಿತೆಯಲ್ಲಿ 163 ಆಯಿತು. ಗಡೀಪಾರು ರಾಜ್ಯದ ಪೊಲೀಸ್ ಕಾಯಿದೆಯ ವಿಷಯವಾದ್ದರಿಂದ ಆ ಬದಲಾವಣೆ ಅದನ್ನು ಮುಟ್ಟಲಿಲ್ಲ. ಹೊನ್ನಾವರದವನಿಗೆ ಗಡೀಪಾರಿನ ನೋಟೀಸು ಬಂದರೆ ಅವನು ಇಂದಿಗೂ ಹೋಗಬೇಕಾದದ್ದು ನ್ಯಾಯಾಧೀಶರ ಮುಂದಲ್ಲ, ಭಟ್ಕಳದ ಉಪವಿಭಾಗಾಧಿಕಾರಿಯ ಕಚೇರಿಗೆ.