ಒಂದು ರಾತ್ರಿಯ ಸಾಲು, ಹದಿನಾರು ನಿಮಿಷದ ಚಿತ್ರ

ಕನ್ನಡ ಸಿನಿಮಾದ ಇತಿಹಾಸ ಬರೆಯುವವರು ಚಾಮರಾಜನಗರದ ಸೀಮೆಗೆ ಬಂದರೆ ಗಾಜನೂರಿನ ಮುತ್ತುರಾಜ ಡಾ. ರಾಜ್‌ಕುಮಾರ್ ಆದ ಕಥೆ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಚಂದಕವಾಡಿ ಹೋಬಳಿಯ ಊರುಗಳಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಹರಡಿರುವ ಈ ನಾಡಿಗೆ ಸಿನಿಮಾದೊಂದಿಗೆ ಇನ್ನೊಂದು ನಂಟೂ ಇದೆ, ಅದು ಕಿರುಚಿತ್ರದ್ದು. ಕಿರುಚಿತ್ರವನ್ನು ನಾವು ಮೊಬೈಲ್ ಕಾಲದ ಹೊಸ ಹುಟ್ಟು ಎಂದೋ, ದೊಡ್ಡ ಚಿತ್ರ ಮಾಡುವ ಮೊದಲಿನ ಅಭ್ಯಾಸ ಎಂದೋ ತಿಳಿದಿದ್ದೇವೆ. ಒಂದೇ ಗಂಟನ್ನು ಹಿಡಿದು ಒಂದೇ ಕೂತಲ್ಲಿ ಬಿಡಿಸುವ ಕಥನವನ್ನೇ ಕಿರುಚಿತ್ರ ಎನ್ನುವುದಾದರೆ, ಕ್ಯಾಮೆರಾ ಬರುವುದಕ್ಕೂ ಬಹಳ ಮೊದಲೇ ಅದು ಇಲ್ಲಿ ಬೆಳೆದು ನಿಂತಿತ್ತು. ಮೂರು ಗಂಟೆಯ ಚಿತ್ರವೇ ಸಹಜ, ಉಳಿದದ್ದು ತುಂಡು ಎಂಬ ಎಣಿಕೆ ಟಿಕೆಟಿನ ಜೊತೆ ಬಂದದ್ದು, ಕಥೆಯ ಜೊತೆ ಬಂದದ್ದಲ್ಲ.

ಇದಕ್ಕೆ ಸಾಕ್ಷಿ ದೇವರಗುಡ್ಡರ ಮತ್ತು ನೀಲಗಾರರ ಹಾಡುಗಾರಿಕೆ. ಮೊದಲಿನವರು ಕಂಸಾಳೆ ಹಿಡಿದು ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆ ಹಾಡುತ್ತಾರೆ. ಎರಡನೆಯವರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುತ್ತಾರೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಪುಸ್ತಕರೂಪಕ್ಕೆ ತಂದ ಮಾದೇಶ್ವರ ಕಾವ್ಯವನ್ನು ನೋಡಿದವರಿಗೆ ಅದರ ಗಾತ್ರ ಗೊತ್ತು. ಆದರೆ ಅಷ್ಟನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೇಳುವುದು ಅಪರೂಪ. ಕೇಳುವವರು ಹಾಡಿಸುವುದು ಒಂದು ಸಾಲನ್ನು, ಅಂದರೆ ಕಾವ್ಯದ ಒಂದು ಬಿಡಿ ಕಥೆಯನ್ನು: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಸಂಕಮ್ಮನದನ್ನೇ ತೆಗೆದುಕೊಳ್ಳಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟಿದ್ದಾನೆ, ಹೆಂಡತಿಯ ಮೇಲೆ ಅನುಮಾನ. ಬಲಗೈ ಭಾಷೆ ಕೊಡು ಎನ್ನುತ್ತಾನೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ಹಟ. ಅವನು ಹಿಂಸಿಸಿ, ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳು ಹುಟ್ಟುತ್ತಾರೆ. ಮಾದಪ್ಪ ಅದಕ್ಕೂ ಮೊದಲು ಎಲ್ಲಿದ್ದ, ಮುಂದೆ ಎಲ್ಲಿಗೆ ಹೋದ ಎಂಬುದು ಗೊತ್ತಿಲ್ಲದಿದ್ದರೂ ಕೇಳುವವನಿಗೆ ಏನೂ ಕಡಿಮೆಯಾಗುವುದಿಲ್ಲ. ಗಂಡ, ಹೆಂಡತಿ, ಒಂದು ಗುಡಿಸಲು, ಒಂದು ಭಾಷೆ, ಇಷ್ಟರಲ್ಲೇ ಕಥೆ ತುಂಬಿದೆ. ಚಿತ್ರಕಥೆ ಕಲಿಸುವ ಮೇಷ್ಟರು ಇದಕ್ಕಿಂತ ಒಳ್ಳೆಯ ಪಾಠವನ್ನು ಹೊರಗೆ ಹುಡುಕಬೇಕಿಲ್ಲ.

ಸಿನಿಮಾ ಕೂಡ ಹುಟ್ಟುವಾಗ ಕಿರಿದಾಗಿಯೇ ಹುಟ್ಟಿತು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳಲ್ಲಿ ಒಂದೂ ಒಂದು ನಿಮಿಷ ಮುಟ್ಟುತ್ತಿರಲಿಲ್ಲ. 1896ರ ಜುಲೈ 7ರಂದು ಮುಂಬಯಿಗೆ ಬಂದದ್ದೂ ಅಂಥವೇ. ಟಿಕೆಟು ಕೊಟ್ಟು ಒಳಗೆ ಬಂದವನನ್ನು ಸಂಜೆ ಪೂರ್ತಿ ಕೂರಿಸಬೇಕಾದಾಗ ಚಿತ್ರ ಉದ್ದವಾಯಿತು. ಚಿಕ್ಕದ್ದು ಮುನ್ನುಡಿಯ ಸ್ಥಾನಕ್ಕೆ ಇಳಿಯಿತು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವುದು ಕಡ್ಡಾಯವಾಗಿತ್ತು. ಟೂರಿಂಗ್ ಟಾಕೀಸಿನ ಪ್ರೇಕ್ಷಕನಿಗೆ ಅದು ಬೀಡಿ ಮುಗಿಸಿ ಒಳಗೆ ಬರುವ ಹೊತ್ತು. ಕಿರುಚಿತ್ರ ಎಂದರೆ ಸರ್ಕಾರದ ಪಾಠ ಎಂಬ ಭಾವನೆ ಅಲ್ಲಿಂದಲೇ ಅಂಟಿಕೊಂಡಿತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದುತ್ತಿದ್ದಾಗ ಗಿರೀಶ ಕಾಸರವಳ್ಳಿ ಮಾಡಿದ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಬಂದರೂ ಅದು ನಮ್ಮ ಊರುಗಳ ಪರದೆ ಕಾಣುವ ದಾರಿ ಇರಲಿಲ್ಲ. 1976ರಲ್ಲಿ ಪುಟ್ಟಣ್ಣ ಕಣಗಾಲರು ಗಿರಡ್ಡಿ ಗೋವಿಂದರಾಜ, ವೀಣಾ, ಈಶ್ವರಚಂದ್ರರ ಮೂರು ಕಥೆಗಳನ್ನು ಹೊಲಿದು ‘ಕಥಾ ಸಂಗಮ’ ಮಾಡಿದರು. ಪುಟ್ಟಣ್ಣನಂಥ ನಿರ್ದೇಶಕನೂ ಸಣ್ಣಕಥೆಯನ್ನು ತೆರೆಗೆ ತರಲು ಮೂರನ್ನು ಸೇರಿಸಿ ಚಿತ್ರಮಂದಿರದ ಅಳತೆಗೆ ತರಬೇಕಾಯಿತು ಎಂಬುದೇ ಆ ಕಾಲದ ಒತ್ತಡವನ್ನು ಹೇಳುತ್ತದೆ. ಬಿಡಿ ಕಥೆಗೆ ಅರ್ಧ ಗಂಟೆಯ ಜಾಗ ಸಿಕ್ಕಿದ್ದು ಟಿ.ವಿ. ಬಂದ ಮೇಲೆ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಅದರ ಫಲ.

ಆಮೇಲೆ ಅಂತರ್ಜಾಲ ಬಂತು, ಟಿಕೆಟಿನ ಅಳತೆ ಸಡಿಲವಾಯಿತು. 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿಯೊಬ್ಬಳು ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. ಕನ್ನಡದ ಮಕ್ಕಳು ಅಜ್ಜಿಯರ ಬಾಯಲ್ಲಿ ಕೇಳಿರುವ ಹುಂಜದ ಕಥೆಯ ನೆಂಟ ಇದು. ಸುಮಾರು ಹದಿನಾರು ನಿಮಿಷ. ಇದನ್ನು ಎರಡೂವರೆ ಗಂಟೆಗೆ ಎಳೆದಿದ್ದರೆ ಹುಂಜ ಸಿಕ್ಕುವ ಮೊದಲೇ ನೋಡುವವನಿಗೆ ನಿದ್ದೆ ಬಂದಿರುತ್ತಿತ್ತು. ಇನ್ನೊಂದು ಉದಾಹರಣೆ ನಮ್ಮ ನೆರೆಯದ್ದೇ: 2023ರಲ್ಲಿ ಆಸ್ಕರ್ ಪಡೆದ ಕಿರು ಸಾಕ್ಷ್ಯಚಿತ್ರ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರಿತವಾದದ್ದು ತೆಪ್ಪಕಾಡಿನ ಆನೆ ಶಿಬಿರದಲ್ಲಿ, ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಊಟಿಗೆ ಹೋಗುವ ದಾರಿಯಲ್ಲೇ. ತಬ್ಬಲಿ ಆನೆಮರಿಗಳನ್ನು ಸಾಕಿದ ದಂಪತಿಯ ಬದುಕು ಅದರ ವಸ್ತು.

ಇಲ್ಲೊಂದು ಆಕ್ಷೇಪ ಬರುತ್ತದೆ. ಸಾಲು ರಾತ್ರಿಯಿಡೀ ನಡೆಯುವಂಥದ್ದು, ಅದನ್ನು ಹದಿನಾರು ನಿಮಿಷದ ಚಿತ್ರದ ಪಕ್ಕದಲ್ಲಿ ನಿಲ್ಲಿಸುವುದು ಹೇಗೆ? ಗಡಿಯಾರದ ಲೆಕ್ಕದಲ್ಲಿ ಆಕ್ಷೇಪ ಸರಿ. ಆದರೆ ಸಾಲು ಹಿಗ್ಗುವುದು ಹಾಡಿನಿಂದ, ಪಲ್ಲವಿಯಿಂದ, ಕೇಳುವವರ ಹುರುಪಿನಿಂದ. ಘಟನೆಗಳು ಕೂಡಿಕೊಳ್ಳುವುದರಿಂದ ಅಲ್ಲ. ಕಿರುತನವನ್ನು ನಿಮಿಷಗಳಲ್ಲಿ ಅಳೆದರೆ ಆಸ್ಕರ್ ಅಕಾಡೆಮಿಯ ನಲವತ್ತು ನಿಮಿಷದ ಗೆರೆ ಸಿಗುತ್ತದೆ, ಕಥೆಯ ಸ್ವಭಾವ ಸಿಗುವುದಿಲ್ಲ. ಇಂದಿನ ಹೆಚ್ಚಿನ ಕಿರುಚಿತ್ರಗಳು ನಿರ್ಮಾಪಕರಿಗೆ ತೋರಿಸಲು ಮಾಡಿದ ಮಾದರಿಗಳು ಎಂಬುದು ಇನ್ನೊಂದು ಮಾತು. ಅದು ಬಹುಮಟ್ಟಿಗೆ ನಿಜ. ಅಂಥವುಗಳಲ್ಲಿ ಕೊನೆಯ ನಿಮಿಷದ ತಿರುವು ಬಿಟ್ಟರೆ ಬೇರೇನೂ ಇರುವುದಿಲ್ಲ. ಹಾಗೆಂದು ಪ್ರಕಾರವನ್ನೇ ಕೀಳೆನ್ನುವುದು, ಕೆಟ್ಟ ಹಾಡುಗಾರನನ್ನು ಕಂಡು ಸಂಕಮ್ಮನ ಕಥೆಯನ್ನೇ ದೂರಿದಂತೆ. ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಟ್ಟಿ: ಸಾಲನ್ನು ಹಾಡುವವನು ಆ ದೇವರ ಒಕ್ಕಲು, ಅವನಿಗೆ ದೀಕ್ಷೆಯಿದೆ, ಕೇಳುವವರೂ ಅವನವರೇ, ಕ್ಯಾಮೆರಾ ಹಿಡಿದವನು ಬಂದು ಹೋಗುವವನು. ಈ ಅಂತರವನ್ನು ನಾನು ಅಲ್ಲಗಳೆಯುವುದಿಲ್ಲ. ಸಾಲಿನಿಂದ ಕಿರುಚಿತ್ರ ನೇರವಾಗಿ ಇಳಿದು ಬಂತೆಂದೂ ಹೇಳುತ್ತಿಲ್ಲ. ರೂಪ ಒಂದೇ ಬಗೆಯದು, ಹೊಣೆ ಮಾತ್ರ ಬೇರೆ.

ಆ ಹೊಣೆಯ ವಿಚಾರದಲ್ಲಿ ಈಗಲೇ ಮಾಡಬಹುದಾದ ಕೆಲಸವೊಂದಿದೆ. ಯೂಟ್ಯೂಬಿಗೆ ಏರುವ ಎಷ್ಟೋ ಕಿರುಚಿತ್ರಗಳಲ್ಲಿ ಸಂಕಲನಕಾರನ ಹೆಸರಿರುತ್ತದೆ, ಪ್ರಾಯೋಜಕನ ಹೆಸರಿರುತ್ತದೆ, ಕಥೆ ಯಾರ ಬಾಯಿಂದ ಬಂತು ಎಂಬುದಿರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆಯ ಹುಡುಗ ಹುಡುಗಿಯರು ಮುಂದೆ ಒಂದು ಸಾಲನ್ನೋ ಅಜ್ಜಿ ಕಥೆಯನ್ನೋ ತೆರೆಗೆ ತಂದರೆ, ಹಾಡಿದವರ ಒಪ್ಪಿಗೆ ಕೇಳಿ ಅವರ ಹೆಸರು, ಊರು ಮತ್ತು ಇಸವಿಯನ್ನು ಚಿತ್ರದ ಮೊದಲಲ್ಲೇ ಹಾಕಲಿ. ಮಾತನ್ನು ಮೈಸೂರು ಪೇಟೆಯ ಕನ್ನಡಕ್ಕೆ ತಿದ್ದದೆ ಇಲ್ಲಿನ ನುಡಿಯಲ್ಲೇ ಇಡಲಿ.