ನಾಲ್ಕು ಸಲ ಶಾಯಿ

2018ರ ಮೇ ತಿಂಗಳಿಂದ 2019ರ ಡಿಸೆಂಬರ್ ತನಕ ಹೊಸಪೇಟೆಯ ಮತದಾರರ ಬೆರಳಿಗೆ ನಾಲ್ಕು ಸಲ ಶಾಯಿ ಬಿತ್ತು. ಕೂಲಿ ಬಿಟ್ಟು ಸಾಲಿನಲ್ಲಿ ನಿಂತ ಆ ನಾಲ್ಕು ದಿನಗಳಲ್ಲಿ ಎರಡು ದಿನ ನಾವು ನಿಂತದ್ದು ಗೆದ್ದವರು ಕುರ್ಚಿ ಬದಲಿಸಿದ್ದಕ್ಕೆ. 'ವೋಟಂದ್ರ ಬ್ಯಾಸರ ಬಂದೈತಿ' ಎಂದು ಕೇರಿಯ ಜನ ಅಂದರೆ ಓದಿದವರು ಅದನ್ನು ಅಜ್ಞಾನ ಅನ್ನುತ್ತಾರೆ. ಇರಲಿ, ಚರಿತ್ರೆಯನ್ನೇ ಕೇಳೋಣ.

1952ರಿಂದ ಬಳ್ಳಾರಿ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನದೇ. ಆ ಧೈರ್ಯದ ಮೇಲೆಯೇ 1999ರಲ್ಲಿ ಸೋನಿಯಾ ಗಾಂಧಿ ಇಲ್ಲಿಗೆ ಬಂದರು. ಸುಷ್ಮಾ ಸ್ವರಾಜ್ ಅವರನ್ನು 56,000 ಮತಗಳಿಂದ ಸೋಲಿಸಿ, ಅಮೇಠಿ ಉಳಿಸಿಕೊಂಡು, ನಮ್ಮನ್ನು ಬಿಟ್ಟರು. 2004ರಲ್ಲಿ ಬಿಜೆಪಿ ಬಂತು, ಗಣಿಯ ದುಡ್ಡೂ ಬಂತು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರಿನ ಕೂಲಿಗಳು, ಲಾರಿ ಡ್ರೈವರುಗಳು ಬೀದಿಗೆ ಬಿದ್ದರು. ಅದೇ ದಿನಗಳಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕುತ್ತಿದ್ದ ಸಂಸಾರಗಳನ್ನೂ ಎಬ್ಬಿಸಿದರು. 2009ರಿಂದ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೀಸಲು ನಮ್ಮ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ ಕೊಡೋ ಕೈ ಯಾರದ್ದು?

2018ರಲ್ಲಿ ಸಂಸದ ಶ್ರೀರಾಮುಲು ಮೊಳಕಾಲ್ಮೂರಿನ ಶಾಸಕರಾದರು, ಲೋಕಸಭೆ ಬಿಟ್ಟರು. ನವೆಂಬರ್ 3ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಉಗ್ರಪ್ಪ 2,43,000 ಮತಗಳ ಅಂತರದಿಂದ ಗೆದ್ದರು. ಗಣಿಧಣಿಗಳ ಕಾಲ ಮುಗೀತು ಅಂತ ನಾವೂ ನಂಬಿದೆವು. ಎರಡೂವರೆ ತಿಂಗಳೂ ಆಗಿರಲಿಲ್ಲ, ಸರ್ಕಾರ ಉಳಿಸಿಕೊಳ್ಳಲು ಕಾಂಗ್ರೆಸ್ ತನ್ನ ಶಾಸಕರನ್ನು ಬಿಡದಿಯ ರೆಸಾರ್ಟಿನಲ್ಲಿ ಕೂಡಿಹಾಕಿತು. ಅಲ್ಲಿ ಒಂದು ರಾತ್ರಿ ಹೊಸಪೇಟೆಯ ಶಾಸಕ ಆನಂದ್ ಸಿಂಗ್ ಪೆಟ್ಟು ತಿಂದು ಆಸ್ಪತ್ರೆ ಸೇರಿದರು. ಹೊಡೆದ ಆರೋಪ ಹೊತ್ತು ಕಂಪ್ಲಿಯ ಶಾಸಕ ಗಣೇಶ್ ಜೈಲಿಗೆ ಹೋದರು. ಇಬ್ಬರದೂ ಒಂದೇ ಪಕ್ಷ, ಒಂದೇ ತುಂಗಭದ್ರೆಯ ನೀರು. ಆ ತುಂಗಭದ್ರೆಯ 133 ಟಿಎಂಸಿ ಅಣೆಕಟ್ಟಿನಲ್ಲಿ ಸುಮಾರು 30 ಟಿಎಂಸಿಯ ಜಾಗವನ್ನು ಹೂಳು ನುಂಗಿದೆ. ಹೂಳಿನ ಬಗ್ಗೆ ರೆಸಾರ್ಟಿನಲ್ಲಿ ಯಾರೂ ಜಗಳ ಆಡಲಿಲ್ಲ.

ಏಪ್ರಿಲ್ 23ಕ್ಕೆ ಮತ್ತೆ ವೋಟು. ಅದೇ ಉಗ್ರಪ್ಪ 55,000 ಮತಗಳಿಂದ ಸೋತರು. ಗೆದ್ದ ಬಿಜೆಪಿಯ ದೇವೇಂದ್ರಪ್ಪ ಆಗಷ್ಟೇ ಕಾಂಗ್ರೆಸ್ಸಿನಿಂದ ಬಂದವರು! ಪಂಡಿತರು ಮೋದಿ ಅಲೆ ಅಂದರು. ಅಲೆ ಇತ್ತು, ಸುಳ್ಳಲ್ಲ. ಆದರೆ ಆರು ತಿಂಗಳೊಳಗೆ ಸುಮಾರು ಮೂರು ಲಕ್ಷದ ಅಂತರ ಆಚೀಚೆ ಆಗಬೇಕಾದರೆ ಜನರ ಹೊಟ್ಟೆಯಲ್ಲಿ ಬೇರೆ ಸಿಟ್ಟೂ ಇರಬೇಕು. ಜುಲೈಯಲ್ಲಿ ಆನಂದ್ ಸಿಂಗ್ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಡಿಸೆಂಬರಿನಲ್ಲಿ ನಾಲ್ಕನೇ ಶಾಯಿ. ಮತ್ತೆ ಅವರೇ ಗೆದ್ದರು. ಗೆಲ್ಲಿಸಿದವರೂ ನಾವೇ, ಮುಚ್ಚಿಡುವುದೇನಿದೆ?

2024ರಲ್ಲಿ ಸರದಿ ಸಂಡೂರಿನದು. ಶಾಸಕ ತುಕಾರಾಂ ಮೇ ತಿಂಗಳಲ್ಲಿ ಲೋಕಸಭೆಗೆ ನಿಂತು ಗೆದ್ದರು. ನವೆಂಬರಿನಲ್ಲಿ ಖಾಲಿ ಕುರ್ಚಿಗೆ ಅವರ ಹೆಂಡತಿ ಅನ್ನಪೂರ್ಣ ನಿಂತರು. ಸಂಡೂರಿನವರು ಮತ್ತೆ ಕೂಲಿ ಬಿಟ್ಟು ಸಾಲಿನಲ್ಲಿ ನಿಂತರು.